ರಿವಾಲ್ವರ್‌ಗೆ ನಕಲಿ ದಂತದ ಗ್ರಿಪ್ ಕೂರಿಸುವುದು: ಹಳೆಯದನ್ನು ಬಿಚ್ಚುವುದರಿಂದ ಕೊನೆಯ ಹೊಳಪಿನವರೆಗೆ

ನಾನು ಮೊದಲ ಸಲ ಕೂರಿಸಿದ ನಕಲಿ ದಂತದ ಗ್ರಿಪ್ (ರಿವಾಲ್ವರ್ ಹಿಡಿಯ ಹೊದಿಕೆ) ಬಾಳಿದ್ದು ಸುಮಾರು ನಲವತ್ತು ನಿಮಿಷ. ಹಳೆಯ ಮರದ ಗ್ರಿಪ್ ಬಿಚ್ಚಿದೆ, ಹೊಸದನ್ನು ಇಟ್ಟೆ, ಮೇಲ್ಗಡೆ ಫ್ರೇಮ್‌ಗೂ (ರಿವಾಲ್ವರ್‌ನ ಲೋಹದ ಚೌಕಟ್ಟು) ಗ್ರಿಪ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಕಾಣಿಸಿತು. ಸ್ಕ್ರೂ ಬಿಗಿ ಮಾಡಿದರೆ ಎಳೆದುಕೊಂಡು ಕೂರುತ್ತೆ ಅಂದುಕೊಂಡು ಇನ್ನರ್ಧ ಸುತ್ತು ತಿರುಗಿಸಿದೆ. ಟಿಕ್ ಅಂತ ಒಂದು ಸಣ್ಣ ಸದ್ದು. ಸ್ಕ್ರೂ ತೂತಿನಿಂದ ಹಿಂದಿನ ಅಂಚಿನವರೆಗೆ ಒಂದು ಬಿರುಕು, ಬಿಳಿ ಮೇಲೆ ಬೂದು ಗೆರೆ. ಅಂಟು ಹಾಕಿದರೂ ಆ ಗೆರೆ ಹೋಗುವುದಿಲ್ಲ.

ತಪ್ಪು ಗ್ರಿಪ್‌ನದ್ದಲ್ಲ, ನನ್ನದೇ. ಸ್ಕ್ರೂ ಇರುವುದು ಕೂತಿರುವ ಗ್ರಿಪ್ ಅನ್ನು ಹಿಡಿದುಕೊಳ್ಳುವುದಕ್ಕೆ. ಕೂರದೆ ಇರುವುದನ್ನು ಎಳೆದು ಕೂರಿಸುವುದಕ್ಕಲ್ಲ. ಮರ ಸ್ವಲ್ಪ ಬಾಗುತ್ತದೆ, ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನಕಲಿ ದಂತ ಹಾಗಲ್ಲ. ಆದ್ದರಿಂದ ಈ ಕೆಲಸ ಮುಕ್ಕಾಲು ಪಾಲು ಸ್ಕ್ರೂ ಇಲ್ಲದೆಯೇ ನಡೆಯಬೇಕು. ಪ್ಯಾನೆಲ್ ಅನ್ನು, ಅಂದರೆ ಗ್ರಿಪ್‌ನ ಒಂದು ಬದಿಯ ತುಂಡನ್ನು, ಬೆರಳಲ್ಲಿ ಒತ್ತಿ ಹಿಡಿದಾಗ ಎಲ್ಲಾ ಕಡೆ ಕಚ್ಚಿ ಕೂರುತ್ತಿದೆ ಅಂತಾದ ಮೇಲೆಯೇ ಸ್ಕ್ರೂ ಕೈಗೆ ತೆಗೆದುಕೊಳ್ಳಿ.

ಯಾವುದರಿಂದ ಮಾಡಿದ್ದು ಅಂತ ಮೊದಲು ತಿಳಿದುಕೊಳ್ಳಿ

ನಿಜವಾದ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಲ್ಲಿಸುವ ತೀರ್ಮಾನ ಸೈಟ್ಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ 1989ರಲ್ಲಿ ಆಯಿತು, 1990ರಿಂದ ಜಾರಿಗೆ ಬಂತು. ಅದಕ್ಕೂ ಬಹಳ ಹಿಂದಿನಿಂದಲೇ ನಕಲಿ ದಂತ ಇತ್ತು. ಜಾನ್ ವೆಸ್ಲಿ ಹಯಟ್ 1870ರ ಸುಮಾರಿಗೆ ಸೆಲ್ಯುಲಾಯ್ಡ್ ಮಾಡಿದ್ದೇ ಬಿಲಿಯರ್ಡ್ ಚೆಂಡಿಗೆ ದಂತದ ಬದಲು ಏನಾದರೂ ಬೇಕು ಅಂತ.

ಈಗ ಸಿಗುವುದರಲ್ಲಿ ಜಾಸ್ತಿ ಎರಡು ಬಗೆ. ಒಂದು ಎರಕ ಹೊಯ್ದ ರೆಸಿನ್, ಅಂದರೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಕೆಲವದರಲ್ಲಿ ದಂತದ ಎಳೆಯ ಹಾಗೆ ತಿಳಿ ಮತ್ತು ದಟ್ಟ ಗೆರೆಗಳು ಪದರ ಪದರವಾಗಿ ಇರುತ್ತವೆ. ನಿಜವಾದ ದಂತವನ್ನು ಅಡ್ಡಕ್ಕೆ ಕೊಯ್ದ ಕಡೆ ಒಂದನ್ನೊಂದು ಹಾಯುವ ಬಾಗಿದ ಗೆರೆಗಳು ಕಾಣುತ್ತವೆ, ಶ್ರೇಗರ್ ಗೆರೆಗಳು ಅನ್ನುತ್ತಾರೆ. ನಕಲಿಯಲ್ಲಿ ಗೆರೆಗಳು ಸುಮ್ನೆ ಉದ್ದಕ್ಕೆ ಸಾಲಾಗಿ ಓಡುತ್ತವೆ. ಇನ್ನೊಂದು ಬಗೆ ಮೈಕಾರ್ಟಾ. ಕಾಗದ ಅಥವಾ ಬಟ್ಟೆಯ ಪದರಗಳನ್ನು ರೆಸಿನ್‌ನಲ್ಲಿ ನೆನೆಸಿ ಒತ್ತಿ ಮಾಡಿದ್ದು. ಬಿಳಿ ಕಾಗದದ ಮೈಕಾರ್ಟಾ ಗಟ್ಟಿ, ಬಿರುಕು ಬಿಡುವುದು ಕಡಿಮೆ, ಕಾಲ ಕಳೆದಂತೆ ತಾನಾಗಿಯೇ ಹಳದಿಗೆ ತಿರುಗುತ್ತದೆ. ನನ್ನನ್ನು ಕೇಳಿದರೆ, ಕೈ ಪಳಗುವವರೆಗೆ ಮೈಕಾರ್ಟಾ ಒಳ್ಳೆಯದು, ಚಂದಕ್ಕೆ ರೆಸಿನ್ ಒಳ್ಳೆಯದು.

ಹಳೆಯ ಕಾಲದ ಗ್ರಿಪ್ ಎಲ್ಲಿಂದಲೋ ಸಿಕ್ಕಿದ್ದರೆ ಅದು ಸೆಲ್ಯುಲಾಯ್ಡ್ ಇರಬಹುದು. ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದೇ. ಅದು ಬೇಗ ಹೊತ್ತಿಕೊಳ್ಳುತ್ತದೆ. ಹಳೆಯದಾದಂತೆ ಆಮ್ಲದ ಹಬೆ ಬಿಡುತ್ತದೆ, ಹತ್ತಿರದ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬಿಸಿ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಅಂತ ಹೇಳುವವರಿದ್ದಾರೆ. ಸೆಲ್ಯುಲಾಯ್ಡ್ ಇರಬಹುದು ಅನ್ನುವ ಅನುಮಾನ ಇದ್ದಾಗ ಆ ಸಾಹಸ ಬೇಡ.

ಅಳತೆಯ ವಿಷಯ. ಮಾದರಿಯ ಹೆಸರೊಂದೇ ಸಾಲದು. ಸ್ಮಿತ್ ಆಂಡ್ ವೆಸನ್ ಆದರೆ ಫ್ರೇಮ್ ಜೆ, ಕೆ, ಎಲ್ ಅಥವಾ ಎನ್ ಅನ್ನುವುದು ಗೊತ್ತಿರಬೇಕು, ಅದರ ಮೇಲೆ ಹಿಡಿಯ ತಳ ದುಂಡೋ ಚೌಕವೋ ಅನ್ನುವುದೂ ಗೊತ್ತಿರಬೇಕು. ಕೆ ಮತ್ತು ಎಲ್ ಎರಡಕ್ಕೂ ಒಂದೇ ಗ್ರಿಪ್ ಆಗುತ್ತದೆ, ಆದರೆ ದುಂಡು ತಳಕ್ಕೆ ಚೌಕ ತಳದ ಪ್ಯಾನೆಲ್ ಹಾಗೆಯೇ ತಂದು ಕೂರಿಸಲು ಆಗುವುದಿಲ್ಲ. ರೂಗರ್ ಸಿಂಗಲ್ ಆಕ್ಷನ್ (ಪ್ರತಿ ಗುಂಡಿಗೂ ಹ್ಯಾಮರ್, ಅಂದರೆ ಹಿಂಬದಿಯ ಸುತ್ತಿಗೆ, ಕೈಯಲ್ಲಿ ಎಳೆಯಬೇಕಾದ ಬಗೆ) ಆದರೆ ಎಕ್ಸ್‌ಆರ್3 ಮತ್ತು ಎಕ್ಸ್‌ಆರ್3 ರೆಡ್ ಅಂತ ಎರಡು ಹಿಡಿ ಚೌಕಟ್ಟುಗಳಿವೆ. ನೋಡಲು ಅವಳಿ ಜವಳಿ, ಗ್ರಿಪ್ ಮಾತ್ರ ಅದಲು ಬದಲು ಆಗುವುದಿಲ್ಲ. ರೂಗರ್‌ನ ನ್ಯೂ ವಾಕೆರೋ ಮಾದರಿಯದ್ದು ಮೊದಲನೆಯದು, ಅದಕ್ಕಿಂತ ಹಿಂದಿನ ವಾಕೆರೋದ್ದು ಎರಡನೆಯದು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಮತ್ತು ಅದರ ನಕಲುಗಳಲ್ಲಿ ಒಂದೇ ತುಂಡಿನ ಗ್ರಿಪ್ ಇರಬಹುದು, ಎರಡು ಪ್ಯಾನೆಲ್ ಇರಬಹುದು. ನಕಲುಗಳ ಅಳತೆ ಮೂಲಕ್ಕೆ ಸರಿಯಾಗಿ ಹೊಂದುತ್ತದೆ ಅಂತ ನಂಬಬೇಡಿ.

ಕೊಳ್ಳುವಾಗ 'ಹಾಗೆಯೇ ಕೂರುತ್ತದೆ' ಅನ್ನುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ಬಿಟ್ಟಿರುವ ಪ್ಯಾನೆಲ್ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ಹಿಡಿ ಚೌಕಟ್ಟಿಗೆ ಕೈಯಲ್ಲೇ ಪಾಲಿಶ್ ಮಾಡುವುದರಿಂದ ಒಂದೇ ಮಾದರಿಯ ಎರಡು ರಿವಾಲ್ವರ್‌ಗಳ ಅಂಚು ಒಂದೇ ತರ ಇರುವುದಿಲ್ಲ. ದೊಡ್ಡದನ್ನು ಸಣ್ಣದು ಮಾಡಬಹುದು. ಸಣ್ಣದಾಗಿ ಬಂದಿದ್ದಕ್ಕೆ ಮದ್ದಿಲ್ಲ.

ಗುಂಡು ತೆಗೆಯುವುದು, ಎರಡು ಸಲ ನೋಡುವುದು

ಇದನ್ನು ಬಿಟ್ಟು ಮುಂದಕ್ಕೆ ಓಡಬೇಡಿ. ಡಬಲ್ ಆಕ್ಷನ್ (ಟ್ರಿಗರ್ ಎಳೆದರೆ ಹ್ಯಾಮರ್ ತಾನೇ ಏಳುವ ಬಗೆ) ಆದರೆ ಬೀಗ ಸರಿಸಿ ಸಿಲಿಂಡರ್ ಹೊರಗೆ ತಳ್ಳಿ, ಎಜೆಕ್ಟರ್ (ಗುಂಡು ಹೊರತಳ್ಳುವ ಕಡ್ಡಿ) ಒತ್ತಿ, ಪ್ರತಿ ಚೇಂಬರ್, ಅಂದರೆ ಗುಂಡು ಕೂರುವ ತೂತು, ಕಣ್ಣಲ್ಲೂ ನೋಡಿ, ಕಿರುಬೆರಳಲ್ಲೂ ಮುಟ್ಟಿ ನೋಡಿ. ಹಳೆಯ ಕೋಲ್ಟ್ ಬಗೆಯ ಸಿಂಗಲ್ ಆಕ್ಷನ್‌ನಲ್ಲಿ ಹ್ಯಾಮರ್ ಅನ್ನು ಅರ್ಧಕ್ಕೆ, ಅಂದರೆ ಎರಡನೇ ಕ್ಲಿಕ್‌ಗೆ ಎಳೆದು ಗೇಟ್ (ಗುಂಡು ಹಾಕುವ ಪಕ್ಕದ ಮುಚ್ಚಳ) ತೆರೆದರೆ ಸಿಲಿಂಡರ್ ತಿರುಗುತ್ತದೆ. ರೂಗರ್ ನ್ಯೂ ಮಾಡೆಲ್‌ಗಳಲ್ಲಿ ಹ್ಯಾಮರ್ ಮುಟ್ಟಬೇಕಾಗಿಲ್ಲ, ಗೇಟ್ ತೆರೆದರೆ ಸಾಕು. ಎಷ್ಟು ಚೇಂಬರ್ ಇದೆಯೋ ಅಷ್ಟನ್ನೂ ಎಣಿಸಿ, ಆಮೇಲೆ ಇನ್ನೊಂದು ಸುತ್ತು. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ, ಅದೇ ಮೇಜಿನ ಮೂಲೆಯಲ್ಲಿ ಅಲ್ಲ. ನಡುವೆ ಕಾಫಿಗೆ ಎದ್ದು ಹೋದಿರಾ? ವಾಪಸ್ ಬಂದ ಮೇಲೆ ಮತ್ತೆ ನೋಡಿ. ಹುಚ್ಚು ಅನ್ನಿಸಿದರೂ ಪರವಾಗಿಲ್ಲ.

ಸಾಮಾನು

ಸ್ಕ್ರೂಡ್ರೈವರ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ಮನೆಯ ಸಾಮಾನ್ಯ ಸ್ಕ್ರೂಡ್ರೈವರ್ ತುದಿ ಬೆಣೆಯ ಹಾಗೆ ಇರುತ್ತದೆ, ಸ್ಕ್ರೂ ಗೀರಿನ ಮೇಲಂಚನ್ನು ಮಾತ್ರ ಹಿಡಿಯುತ್ತದೆ. ಜಾರಿದರೆ ಸ್ಕ್ರೂ ತಲೆಯೂ ಹಾಳು, ಪಕ್ಕದ ಪ್ಯಾನೆಲ್ ಮೇಲೂ ಗೀರು. ಬಂದೂಕಿನ ಕೆಲಸಕ್ಕೆಂದೇ ತುದಿಯ ಎರಡೂ ಬದಿ ಸಮಾನಾಂತರವಾಗಿ ತೇಯ್ದಿರುವ ಬಿಟ್‌ಗಳು ಬರುತ್ತವೆ. ಗೀರಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ತುಂಬುವ ಬಿಟ್ ಹುಡುಕಿ.

ಉಳಿದದ್ದು ಇಷ್ಟು: ಒಂದು ಚಪ್ಪಟೆ ಸಣ್ಣ ಅರ, ಒಂದು ದುಂಡು ಸೂಜಿ ಅರ, 180ರಿಂದ 2000ದವರೆಗಿನ ಸ್ಯಾಂಡ್‌ಪೇಪರ್ (400ರ ಮೇಲಿನದು ನೀರಲ್ಲಿ ಉಜ್ಜುವಂಥದ್ದು), ಸ್ಯಾಂಡ್‌ಪೇಪರ್ ಅಂಟಿಸಲು ಒಂದು ಗಾಜಿನ ತುಂಡು ಮತ್ತು ಒಂದೆರಡು ಐಸ್‌ಕ್ರೀಮ್ ಕಡ್ಡಿ, ಮಾಸ್ಕಿಂಗ್ ಟೇಪ್, ಚೂಪು ಪೆನ್ಸಿಲ್, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟು, ಸ್ವಲ್ಪ ಮೇಣ. ಮುಖಕ್ಕೆ ಮಾಸ್ಕ್. ರೆಸಿನ್ ಧೂಳು ಮೈದಾ ಹಿಟ್ಟಿನ ಹಾಗೆ ಹಾರುತ್ತದೆ, ಮೈಕಾರ್ಟಾ ಧೂಳು ಗಂಟಲಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಸಾಧ್ಯವಾದ ಕಡೆಯೆಲ್ಲಾ ನೀರು ಹಾಕಿಕೊಂಡೇ ಉಜ್ಜಿ.

ಪಟ್ಟಿಯಲ್ಲಿ ತಿರುಗುವ ಯಂತ್ರ ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ರೆಸಿನ್ ಬಿಸಿಯಾದರೆ ಮೆತ್ತಗಾಗಿ ಮುದ್ದೆಯಾಗುತ್ತದೆ, ಹಾಗೆ ಆಗುವ ಹೊತ್ತಿಗೆ ಬೇಕಾದದ್ದಕ್ಕಿಂತ ಒಂದು ಮಿಲಿಮೀಟರ್ ಜಾಸ್ತಿ ಹೋಗಿರುತ್ತದೆ. ಕೈಯಲ್ಲಿ ಒಂದು ಗಂಟೆ ಜಾಸ್ತಿ ಹಿಡಿಯಬಹುದು, ಹಿಡಿಯಲಿ.

ಹಳೆಯ ಗ್ರಿಪ್ ಬಿಚ್ಚುವುದು

ಸ್ಕ್ರೂವನ್ನು ಪೂರ್ತಿ ತೆಗೆದು, ಪ್ಯಾನೆಲ್ ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಫ್ರೇಮ್ ಮೇಲೆ ಗೀರು ಬೀಳುವುದು ಹೀಗೆಯೇ. ಸ್ಕ್ರೂವನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಸ್ಕ್ರೂಡ್ರೈವರ್ ಹಿಡಿಯ ತುದಿಯಿಂದ ಸ್ಕ್ರೂ ತಲೆಗೆ ಮೆತ್ತಗೆ ತಟ್ಟಿ. ಎದುರು ಬದಿಯ ಪ್ಯಾನೆಲ್ ತಾನಾಗಿಯೇ ಎದ್ದು ಬರುತ್ತದೆ. ಆಮೇಲೆ ಸ್ಕ್ರೂ ತೆಗೆದು, ಒಳಗಿನಿಂದ ಬೆರಳಿಟ್ಟು ಈ ಕಡೆಯದ್ದನ್ನು ತಳ್ಳಿ.

ಬಿಚ್ಚಿದ ಮೇಲೆ ಹಳೆಯ ಪ್ಯಾನೆಲ್‌ಗಳ ಒಳಬದಿ ನೋಡಿ. ಹಳೆಯ ಸ್ಮಿತ್ ಆಂಡ್ ವೆಸನ್‌ಗಳಲ್ಲಿ ಬಲಗಡೆಯ ಪ್ಯಾನೆಲ್ ಒಳಗೆ ರಿವಾಲ್ವರ್‌ನ ಸೀರಿಯಲ್ ಸಂಖ್ಯೆ ಇರುವುದುಂಟು. ಹಾಗಿದ್ದರೆ ಆ ಜೋಡಿಗೆ ಬೆಲೆ ಇದೆ, ಬಟ್ಟೆ ಸುತ್ತಿ ಜೋಪಾನವಾಗಿ ಇಡಿ. ಹೊಸದಕ್ಕೆ ಬೇಕು ಅಂತ ಹಳೆಯದರ ಸ್ಕ್ರೂ, ಹಿತ್ತಾಳೆ ಬಿಲ್ಲೆ (ಪ್ಯಾನೆಲ್‌ನಲ್ಲಿ ಕೂತು ಸ್ಕ್ರೂವನ್ನು ಹಿಡಿಯುವ ಲೋಹದ ತುಂಡು) ಕಿತ್ತು ತೆಗೆಯಲು ಹೋಗಬೇಡಿ.

ಫ್ರೇಮ್ ಈಗ ಬೆತ್ತಲೆ. ಹಳೆಯ ಎಣ್ಣೆ, ಕೊಳೆ, ಮೂಲೆಯ ತುಕ್ಕು ಒರೆಸಿ. ಸ್ಮಿತ್ ಬಗೆಯಲ್ಲಿ ಹಿಡಿಯ ಮುಂಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಕಾಣುತ್ತದೆ, ಅದು ಮುಖ್ಯ ಸ್ಪ್ರಿಂಗ್ ಅನ್ನು ಬಿಗಿ ಹಿಡಿಯುವಂಥದ್ದು. ಗ್ರಿಪ್‌ಗೂ ಅದಕ್ಕೂ ಸಂಬಂಧ ಇಲ್ಲ. ಮುಟ್ಟಬೇಡಿ.

ಒಳಬದಿ, ಪಿನ್, ಮೇಲಂಚು: ಈ ಕ್ರಮದಲ್ಲೇ

ಕೆಲಸ ಗೆಲ್ಲುವುದೋ ಸೋಲುವುದೋ ಇಲ್ಲಿ. ಸುಮಾರು ಜನ ಹೊರ ಅಂಚಿನಿಂದ ಶುರು ಮಾಡುತ್ತಾರೆ, ಯಾಕೆಂದರೆ ಕಣ್ಣಿಗೆ ಬೀಳುವುದು ಅದೇ. ಹಾಗೆ ಮಾಡಿದರೆ ಆಮೇಲೆ ಮೇಲಂಚು ಸರಿಮಾಡಲು ಪ್ಯಾನೆಲ್ ಅನ್ನು ಮೇಲಕ್ಕೆ ಸರಿಸಿದಾಗ ಕೆಳಗೆ ಸಂದು ಬಿಡುತ್ತದೆ.

ಮೊದಲು ಒಳಬದಿ. ಗಾಜಿನ ಮೇಲೆ 220ರ ಸ್ಯಾಂಡ್‌ಪೇಪರ್ ಅಂಟಿಸಿ, ಪ್ಯಾನೆಲ್ ಒಳಮೈ ಮೇಲೆ ಪೆನ್ಸಿಲ್‌ನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ನಾಲ್ಕೈದು ಸಲ ಮೆತ್ತಗೆ ಉಜ್ಜಿ ನೋಡಿ. ಗೆರೆ ಎಲ್ಲಾ ಕಡೆ ಒಂದೇ ಸಮ ಅಳಿಸಿದರೆ ಮೈ ಚಪ್ಪಟೆ ಇದೆ. ಎರಡು ತುದಿಯಲ್ಲಿ ಮಾತ್ರ ಅಳಿಸಿದರೆ ನಡುವೆ ಟೊಳ್ಳು. ಸ್ಕ್ರೂ ನಡುವೆ ಎಳೆಯುತ್ತದೆ, ಕೆಳಗೆ ಆಸರೆ ಇಲ್ಲ, ಬಿರುಕು ಗ್ಯಾರಂಟಿ. ನನ್ನ ಮೊದಲ ಗ್ರಿಪ್‌ಗೆ ಆಗಿದ್ದು ಇದೇ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಗೆರೆ ಪೂರ್ತಿ ಹೋಗುವವರೆಗೆ ಉಜ್ಜಿ, ಆದರೆ ಒಂದೇ ಕಡೆ ಭಾರ ಬಿಡಬೇಡಿ. ಅವಾಗವಾಗ ಪ್ಯಾನೆಲ್ ಅನ್ನು ತುದಿಯಿಂದ ತುದಿಗೆ ತಿರುಗಿಸಿ ಹಿಡಿಯಿರಿ.

ಮುಂದೆ ಪಿನ್. ಹೆಚ್ಚಿನ ಎರಡು ಪ್ಯಾನೆಲ್ ಚೌಕಟ್ಟುಗಳಲ್ಲಿ ತಳದ ಹತ್ತಿರ ಅಡ್ಡಕ್ಕೆ ಒಂದು ಸಣ್ಣ ಉಕ್ಕಿನ ಪಿನ್ ಇರುತ್ತದೆ. ಪ್ಯಾನೆಲ್ ಒಳಗಿನ ತೂತು ಅದರ ಮೇಲೆ ಕೂತು ಗ್ರಿಪ್ ಸುತ್ತ ತಿರುಗದ ಹಾಗೆ ತಡೆಯುತ್ತದೆ. ಹೊಸ ಪ್ಯಾನೆಲ್‌ನಲ್ಲಿ ಈ ತೂತು ನಿಮ್ಮ ಪಿನ್‌ಗೆ ಸರಿಯಾಗಿ ಎದುರಾಗುವುದು ಅಪರೂಪ. ಪಿನ್ ತೂತು ತಪ್ಪು ಜಾಗದಲ್ಲಿದ್ದರೆ ಮೇಲಂಚನ್ನು ಎಷ್ಟು ತೇಯ್ದರೂ ಸರಿ ಕೂರುವುದಿಲ್ಲ, ಯಾಕೆಂದರೆ ಪಿನ್ ಅದನ್ನು ಬೇರೆ ಕಡೆ ಹಿಡಿದಿಟ್ಟಿರುತ್ತದೆ. ಅದಕ್ಕೇ ದುಂಡು ಸೂಜಿ ಅರದಿಂದ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಪ್ಯಾನೆಲ್ ಮೇಲೆ ಕೆಳಗೆ ಅರ್ಧ ಮಿಲಿಮೀಟರ್ ಆಡುವಷ್ಟು. ಸಡಿಲ ಆಯಿತಲ್ಲ ಅಂತ ಹೆದರಬೇಡಿ, ಕೊನೆಗೆ ಬಿಗಿ ಮಾಡೋಣ.

ಈಗ ಮೇಲಂಚು. ಫ್ರೇಮ್‌ನ ದುಂಡು ಹೆಗಲಿಗೆ ಗ್ರಿಪ್ ತಾಗುವ ಜಾಗ. ಪ್ಯಾನೆಲ್ ಅನ್ನು ಜಾಗದಲ್ಲಿಟ್ಟು, ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿ ಹಿಡಿದು, ದೀಪದ ಎದುರು ಹಿಡಿಯಿರಿ. ಸಂದಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಬೆಳಕು ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಪ್ಯಾನೆಲ್ ತಾಗುತ್ತಿದೆ, ತೇಯಬೇಕಾದ್ದು ಅಲ್ಲಿ. ಹೊಸಬರು ಇಲ್ಲಿ ಉಲ್ಟಾ ಮಾಡುತ್ತಾರೆ. ಸಂದು ಕಂಡ ಕಡೆಯೇ ತೇಯುತ್ತಾರೆ, ಸಂದು ಇನ್ನೂ ದೊಡ್ಡದಾಗುತ್ತದೆ. ಕಡ್ಡಿಗೆ 320ರ ಕಾಗದ ಅಂಟಿಸಿಕೊಂಡು, ತಾಗುವ ಜಾಗಕ್ಕೆ ಎರಡು ಮೂರು ಎಳೆತ, ಮತ್ತೆ ಇಟ್ಟು ನೋಡುವುದು. ಮತ್ತೆ ಎರಡು ಎಳೆತ. ಒಂದು ಬದಿಗೆ ನಾನು ಮೂವತ್ತು ನಲವತ್ತು ಸಲ ಇಟ್ಟು ತೆಗೆದದ್ದಿದೆ.

ತಾಗುವ ಜಾಗ ಕಣ್ಣಿಗೆ ಸರಿಯಾಗಿ ಸಿಗದಿದ್ದರೆ ಫ್ರೇಮ್‌ಗೆ ಏನಾದರೂ ಬಣ್ಣ ಹಚ್ಚಿ ಅಚ್ಚು ನೋಡುವುದು ಹಳೆಯ ಉಪಾಯ. ಮರಕ್ಕೆ ದೀಪದ ಮಸಿಯೋ ನೀಲಿಯೋ ನಡೆಯುತ್ತದೆ. ಇಲ್ಲಿ ಬೇಡ. ಅರದ ಗೀರುಗಳಲ್ಲಿ ಮಸಿ ಸಿಕ್ಕಿಕೊಂಡರೆ ಬರುವುದಿಲ್ಲ, ರೆಸಿನ್ ಸ್ವಲ್ಪ ಬೆಳಕು ಹಾಯುವ ವಸ್ತು ಆದ್ದರಿಂದ ಅಂಚಿನ ಕಪ್ಪು ಹೊರಗಿನಿಂದಲೂ ಮಂಕಾಗಿ ಕಾಣುತ್ತದೆ. ಮೆತ್ತನೆಯ ಪೆನ್ಸಿಲ್ ಸೀಸವನ್ನು ಫ್ರೇಮ್ ಅಂಚಿಗೆ ಉಜ್ಜಿ, ಅದರ ಗುರುತು ನೋಡಿ. ಅದು ಎರಡು ಉಜ್ಜಿಗೆ ಹೋಗುತ್ತದೆ.

ಮೇಲಂಚು ಬೆಳಕು ಬಿಡದ ಹಾಗೆ ಕೂತಿತಾ? ಈಗ ಪಿನ್ ತೂತು ಬಿಗಿ ಮಾಡುವ ಹೊತ್ತು. ಪಿನ್‌ಗೂ ಸುತ್ತಲಿನ ಲೋಹಕ್ಕೂ ತೆಳ್ಳಗೆ ಮೇಣ ಸವರಿ, ಒಂದು ಚುಕ್ಕೆಯನ್ನೂ ಬಿಡದೆ. ತೂತಿನೊಳಗೆ ಕಡ್ಡಿ ತುದಿಯಿಂದ ಸ್ವಲ್ಪವೇ ಎಪಾಕ್ಸಿ ಹಾಕಿ, ಪ್ಯಾನೆಲ್ ಕೂರಿಸಿ, ಮೇಲಕ್ಕೆ ತಳ್ಳಿ, ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಪಿನ್ ಆಕಾರಕ್ಕೇ ಅಚ್ಚು ಹೊಯ್ದ ತೂತು ಸಿಗುತ್ತದೆ. ಮೇಣ ಮರೆತರೆ ಪ್ಯಾನೆಲ್ ಅಲ್ಲೇ ಅಂಟಿಕೊಂಡಿರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಕೊನೆಗೆ ಸ್ಕ್ರೂ ತೂತು. ಎರಡೂ ಪ್ಯಾನೆಲ್ ಕೂರಿಸಿ ಸ್ಕ್ರೂ ಹಾಯಿಸಿ ನೋಡಿ. ಬೆರಳಲ್ಲಿ ತಿರುಗಿಸಿದರೆ ಎದುರಿನ ಬಿಲ್ಲೆಯ ಹುರಿಗೆ ತಾನಾಗಿ ಹೋಗಬೇಕು. ಓರೆಯಾಗಿ ಹೋಗುತ್ತಿದ್ದರೆ ಒಳಗಿನ ತೂತನ್ನು ಅರದಿಂದ ಸ್ವಲ್ಪ ಅಗಲಿಸಿ. ಹಿತ್ತಾಳೆ ಅಥವಾ ನಿಕ್ಕಲ್ ಬಿಲ್ಲೆ ಬೇರೆಯಾಗಿ ಬಂದಿದ್ದರೆ ಅದನ್ನು ಹೊಡೆದು ಕೂರಿಸಬೇಡಿ. ಅದರ ಗುಳಿ ಹೆಬ್ಬೆರಳಲ್ಲಿ ಒತ್ತಿದರೆ ಕೂರುವಷ್ಟು ಇರಬೇಕು, ಹಿಡಿತಕ್ಕೆ ಒಂದು ಹನಿ ಎಪಾಕ್ಸಿ.

ಹೊರ ಅಂಚು

ಇದು ಕೇಳಲು ಕಷ್ಟ, ಮಾಡಲು ಸುಲಭ. ಪ್ಯಾನೆಲ್ ಕೂತಿರುವಾಗ ಚೂಪು ಪೆನ್ಸಿಲ್‌ನಿಂದ ಫ್ರೇಮ್ ಅಂಚಿನ ಗೆರೆಯನ್ನು ಪ್ಯಾನೆಲ್ ಒಳಮೈ ಮೇಲೆ ಎಳೆಯಿರಿ. ಬಿಚ್ಚಿ, ಆ ಗೆರೆಯಿಂದ ಹೊರಗೆ ಕಾಲು ಮಿಲಿಮೀಟರ್ ಬಿಟ್ಟು ಉಳಿದದ್ದನ್ನು ಅರದಿಂದ ತೆಗೆಯಿರಿ. ಹೀಗೆ ಬಿಚ್ಚಿಟ್ಟು ಮಾಡುವುದರಿಂದ ಅರ ಲೋಹವನ್ನು ಮುಟ್ಟುವ ಮಾತೇ ಇಲ್ಲ.

ಕೊನೆಯ ಕಾಲು ಮಿಲಿಮೀಟರ್ ಮಾತ್ರ ರಿವಾಲ್ವರ್ ಮೇಲೆ ಕೂರಿಸಿಕೊಂಡು ಮಾಡಬೇಕು. ಲೋಹಕ್ಕೆ ಅಂಚಿನವರೆಗೆ ಎರಡು ಪದರ ಮಾಸ್ಕಿಂಗ್ ಟೇಪ್ ಹಾಕಿ. ಕಡ್ಡಿಗೆ 400ರ ಕಾಗದ. ಎಳೆತ ಅಂಚಿನ ಉದ್ದಕ್ಕೆ ಇರಲಿ, ಪ್ಯಾನೆಲ್‌ನಿಂದ ಲೋಹದ ಕಡೆಗೆ ಅಡ್ಡಕ್ಕೆ ಬೇಡ. ಟೇಪ್ ಮೇಲೆ ಮೊದಲ ಗೀರು ಕಂಡ ಕೂಡಲೇ ನಿಲ್ಲಿಸಿ. ಆಗ ಪ್ಯಾನೆಲ್ ಲೋಹಕ್ಕಿಂತ ಎರಡು ಪದರ ಟೇಪ್‌ನಷ್ಟು ಎತ್ತರ ಇರುತ್ತದೆ. ಟೇಪ್ ತೆಗೆದು ಉಗುರನ್ನು ಅಡ್ಡಕ್ಕೆ ಎಳೆದು ನೋಡಿ. ಲೋಹದಿಂದ ಗ್ರಿಪ್ ಕಡೆಗೆ ಎಳೆದಾಗ ಉಗುರು ಇಷ್ಟೇ ಇಷ್ಟು ತಡೆದರೆ ಸಾಕು, 600, 800ರಲ್ಲಿ ಅದು ಹೋಗುತ್ತದೆ. ಗ್ರಿಪ್‌ನಿಂದ ಲೋಹದ ಕಡೆಗೆ ಎಳೆದಾಗ ತಡೆದರೆ ಜಾಸ್ತಿ ತೇಯ್ದಿದ್ದೀರಿ ಅಂತ ಅರ್ಥ. ಪೂರ್ತಿ ಸಮ ಮಾಡುವುದಕ್ಕಿಂತ ಗ್ರಿಪ್ ಒಂದು ಎಳೆ ಎತ್ತರವಾಗಿಯೇ ಇರುವುದು ನನಗೆ ಇಷ್ಟ. ಕೈಗೆ ಗೊತ್ತಾಗುವುದಿಲ್ಲ, ಕಣ್ಣಿಗೆ ತುಂಬಿಕೊಂಡ ಹಾಗೆ ಕಾಣುತ್ತದೆ.

ಫ್ರೇಮನ್ನೇ ಸ್ವಲ್ಪ ತೇಯ್ದು ಸರಿಮಾಡೋಣ ಅನ್ನುವ ಆಸೆ ಒಮ್ಮೆಯಾದರೂ ಬರುತ್ತದೆ. ಸ್ಟೇನ್‌ಲೆಸ್ ಆದರೆ ಗೀರನ್ನಾದರೂ ಮತ್ತೆ ಉಜ್ಜಿ ಮರೆಸಬಹುದು. ನೀಲಿ ಮೆರುಗು ಹೋದರೆ ಹೋಯಿತು, ಬಿಳಿ ಲೋಹ ಇಣುಕುತ್ತದೆ. ಒಂದು ಜೋಡಿ ಪ್ಯಾನೆಲ್ ಹಾಳಾದರೆ ಇನ್ನೊಂದು ತರಬಹುದು ಅಲ್ವಾ?

ಒಂದೇ ತುಂಡಿನ ಗ್ರಿಪ್ ಆದರೆ

ಕೋಲ್ಟ್ ಬಗೆಯ ಒಂದೇ ತುಂಡಿನ ಗ್ರಿಪ್ ನಿಜಕ್ಕೂ ಒಂದೇ ತುಂಡಲ್ಲ. ಎರಡು ಪ್ಯಾನೆಲ್, ನಡುವೆ ಒಂದು ಮರದ ತುಂಡು, ಮೂರನ್ನೂ ಅಂಟಿಸಿದ್ದು. ಸ್ಕ್ರೂ ಇಲ್ಲ, ಬ್ಯಾಕ್‌ಸ್ಟ್ರಾಪ್ (ಹಿಡಿಯ ಹಿಂಬದಿಯ ಲೋಹದ ಪಟ್ಟಿ) ಮತ್ತು ಟ್ರಿಗರ್ ಗಾರ್ಡ್ ನಡುವೆ ಸಿಕ್ಕಿಕೊಂಡು ಕೂರುತ್ತದೆ. ತೆಗೆಯಬೇಕಾದರೆ ಹ್ಯಾಮರ್‌ನ ಎರಡು ಪಕ್ಕದ ಎರಡು ಸ್ಕ್ರೂ, ಹಿಡಿಯ ತಳದ ಒಂದು ಸ್ಕ್ರೂ, ಇಷ್ಟನ್ನು ಬಿಚ್ಚಿ. ಬ್ಯಾಕ್‌ಸ್ಟ್ರಾಪ್ ಹಿಂದಕ್ಕೆ ಬರುತ್ತದೆ, ಗ್ರಿಪ್ ಜಾರಿ ಹೊರಬರುತ್ತದೆ. ಮುಖ್ಯ ಸ್ಪ್ರಿಂಗ್ ಟ್ರಿಗರ್ ಗಾರ್ಡ್ ಕಡೆಗೆ ಕೂತಿರುವುದರಿಂದ ಅದನ್ನು ಬಿಚ್ಚುವ ಅಗತ್ಯ ಇಲ್ಲ. ಯಾವ ಸ್ಕ್ರೂ ಎಲ್ಲಿಯದು ಅಂತ ಕಾಗದದ ಮೇಲೆ ಚಿತ್ರ ಬರೆದು ಅದರ ಮೇಲೇ ಇಡಿ.

ಪ್ಯಾನೆಲ್ ಮತ್ತು ನಡುವಿನ ತುಂಡು ಬಿಡಿಬಿಡಿಯಾಗಿ ಬಂದಿದ್ದರೆ ನಿಮ್ಮ ಪುಣ್ಯ. ಒಳಗಿನ ಲೋಹಕ್ಕೆಲ್ಲಾ ಮೇಣ ಹಚ್ಚಿ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಪ್ರತಿ ಪ್ಯಾನೆಲ್ ಅನ್ನು ಮೇಲೆ ಹೇಳಿದ ಹಾಗೆ ಮೇಲಂಚಿಗೆ ಹೊಂದಿಸಿ, ಆಮೇಲೆ ರಿವಾಲ್ವರ್ ಮೇಲೆಯೇ ಮೂರನ್ನೂ ಎಪಾಕ್ಸಿಯಿಂದ ಅಂಟಿಸಿ ರಬ್ಬರ್ ಬ್ಯಾಂಡ್ ಸುತ್ತಿ ಬಿಡಿ. ಅಚ್ಚು ನಿಮ್ಮ ರಿವಾಲ್ವರ್‌ದ್ದೇ ಆಗುತ್ತದೆ. ಅಂಟಿಸಿಯೇ ಬಂದಿದ್ದರೆ ತೇಯಬೇಕಾದ ಜಾಗಗಳು ಮೂರು ಕಡೆ ಇರುತ್ತವೆ, ಒಂದು ಕಡೆ ತೇಯ್ದರೆ ಇನ್ನೊಂದು ಕಡೆ ಕದಲುತ್ತದೆ. ಇಲ್ಲಿ ತಾಳ್ಮೆ ಎರಡರಷ್ಟು ಬೇಕು. ಬ್ಯಾಕ್‌ಸ್ಟ್ರಾಪ್ ಅನ್ನು ಕೈಯಲ್ಲಿ ಒತ್ತಿದಾಗ ಸ್ಕ್ರೂ ತೂತುಗಳು ಎದುರುಬದುರಾಗಬೇಕು. ಸ್ಕ್ರೂ ಹಾಕಿ ಎಳೆದರೆ ಎದುರಾಗುತ್ತವೆ ಅನ್ನುವ ಸ್ಥಿತಿಯಲ್ಲಿ ಬಿಗಿ ಮಾಡಬೇಡಿ, ಪ್ಯಾನೆಲ್ ಉದ್ದಕ್ಕೆ ಸೀಳುತ್ತದೆ.

ಹೊಳಪು, ಹಳದಿ

600, 800, 1000, 1500, 2000. ಪ್ರತಿ ಸಲ ನೀರು, ಪ್ರತಿ ಸಲ ಹಿಂದಿನ ಕಾಗದಕ್ಕೆ ಅಡ್ಡ ದಿಕ್ಕಿನಲ್ಲಿ ಉಜ್ಜುವುದು. ಹಿಂದಿನ ಗೀರುಗಳು ಪೂರ್ತಿ ಹೋಗುವವರೆಗೆ ಮುಂದಿನ ಕಾಗದ ತೆಗೆಯಬೇಡಿ. ಬಿಳಿ ಮೇಲೆ ಗೀರು ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿಸಿ ಓರೆಯಾಗಿ ಬೆಳಕಿಗೆ ಹಿಡಿದರೆ ಎಲ್ಲಾ ಎದ್ದು ಬರುತ್ತದೆ. ಕೊನೆಗೆ ಪ್ಲಾಸ್ಟಿಕ್ ಪಾಲಿಶ್, ಮೆತ್ತನೆಯ ಬಟ್ಟೆ. ಗಾಜಿನ ಹಾಗೆ ಹೊಳೆಯಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ದಂತ ಹಾಗೆ ಹೊಳೆಯುವುದಿಲ್ಲ, ಬೆಣ್ಣೆಯ ಹಾಗೆ ಮಿನುಗುತ್ತದೆ. 1500ಕ್ಕೆ ನಿಲ್ಲಿಸಿ ಬಟ್ಟೆಯಲ್ಲಿ ಉಜ್ಜಿದರೆ ಆ ಮಿನುಗು ಬರುತ್ತದೆ. ಮೇಲಾಗಿ ಕನ್ನಡಿ ಹೊಳಪಿನ ಗ್ರಿಪ್ ಬೆವರು ಕೈಯಲ್ಲಿ ಜಾರುತ್ತದೆ, ದೊಡ್ಡ ಗುಂಡಿನ ರಿವಾಲ್ವರ್ ಆದರೆ ಅದು ತಮಾಷೆಯಲ್ಲ.

ಹೊಸ ಬಿಳಿ ಕಣ್ಣಿಗೆ ಹೊಡೆಯುತ್ತಿದ್ದರೆ ಹಳೆಯ ಬಣ್ಣ ಕೊಡಬಹುದು. ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅದ್ದುವುದು ಮೈಕಾರ್ಟಾಕ್ಕೆ ಸ್ವಲ್ಪ ಹಿಡಿಯುತ್ತದೆ, ರೆಸಿನ್‌ಗೆ ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ಬಿಸಿ ಇರುವಾಗ ಅದ್ದಬೇಡಿ, ರೆಸಿನ್ ಸೊಟ್ಟಗಾಗುತ್ತದೆ. ಕೆತ್ತಿದ ಗೆರೆಗಳಿದ್ದರೆ ಕಂದು ಬೂಟ್ ಪಾಲಿಶ್ ತುಂಬಿ ಮೇಲಿನದ್ದನ್ನು ಒರೆಸಿ ತೆಗೆದರೆ ಸಾಕು, ಐವತ್ತು ವರ್ಷ ಹಳೆಯದಾಗಿ ಕಾಣುತ್ತದೆ. ಮೊದಲು ಒಳಮೈಯ ಮೂಲೆಯಲ್ಲಿ ಪರೀಕ್ಷೆ ಮಾಡಿ.

ಹೊರಗಿನವರಿಗೆ ಒಂದು ಮಾತು. ಬಿಳಿ ಗ್ರಿಪ್ ಕಂಡವರೆಲ್ಲಾ ಮುತ್ತಿನ ಹಿಡಿ ಅನ್ನುತ್ತಾರೆ. ಅಮೆರಿಕದ ಜನರಲ್ ಜಾರ್ಜ್ ಪ್ಯಾಟನ್ 1916ರಲ್ಲಿ ಕೊಂಡ ಕೋಲ್ಟ್‌ಗೂ ಹಾಗೆ ಅಂದವರು ಬೇಕಾದಷ್ಟು ಜನ. ಅದು ದಂತದ್ದು, ಮುತ್ತು ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಕೊನೆಯ ಜೋಡಣೆ ಮತ್ತು ಪರೀಕ್ಷೆ

ಸ್ಕ್ರೂ ಹುರಿಗೆ ಚೂರು ಜೇನುಮೇಣ ಸವರಿ. ಸಡಿಲವಾಗದ ಹಾಗೆ ಹಿಡಿಯುತ್ತದೆ, ಬಿಚ್ಚುವಾಗ ಬರುತ್ತದೆ. ಸ್ಕ್ರೂ ಕಚ್ಚುವ ದ್ರವ ಅಂಟುಗಳು ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ತರುತ್ತವೆ, ಅವು ಬೇಡ. ಸ್ಕ್ರೂಡ್ರೈವರ್ ಅನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಅಂಗೈಯಲ್ಲಿ ಹಿಡಿದು ಅಲ್ಲ. ತಡೆ ಸಿಕ್ಕ ಮೇಲೆ ಎಂಟನೇ ಒಂದು ಸುತ್ತು. ಅಷ್ಟೇ.

ಚೇಂಬರ್ ಖಾಲಿ ಇದೆ ಅಂತ ಮತ್ತೊಮ್ಮೆ ನೋಡಿ, ಹ್ಯಾಮರ್ ಅನ್ನು ಹೆಬ್ಬೆರಳಲ್ಲಿ ನಿಧಾನಕ್ಕೆ ಪೂರ್ತಿ ಎಳೆಯಿರಿ, ಹಿಡಿದುಕೊಂಡೇ ಇಳಿಸಿ. ಗ್ರಿಪ್ ಹಾಕುವ ಮುಂಚೆ ಇದ್ದ ಹಾಗೆಯೇ ಇದೆಯಾ? ಎಲ್ಲೋ ಕರಕರ ಅನ್ನಿಸಿದರೆ ಪ್ಯಾನೆಲ್ ಒಳಮೈ ಸ್ಪ್ರಿಂಗ್‌ಗೆ ಉಜ್ಜುತ್ತಿದೆ. ರೂಗರ್ ಸಿಂಗಲ್ ಆಕ್ಷನ್‌ಗಳಲ್ಲಿ ಟ್ರಿಗರ್ ಸ್ಪ್ರಿಂಗ್‌ನ ಎರಡು ತಂತಿ ಕಾಲುಗಳು ಹಿಡಿಯ ಒಳಗೇ, ಪಕ್ಕಕ್ಕೆ ತೀರಾ ಹತ್ತಿರ ಇರುತ್ತವೆ. ಪ್ಯಾನೆಲ್ ಅವನ್ನು ಒತ್ತಿದರೆ ಟ್ರಿಗರ್ ಭಾರವಾಗುತ್ತದೆ, ಸರಿಯಾಗಿ ವಾಪಸ್ ಬರದೆಯೂ ಹೋಗಬಹುದು. ಒಳಮೈ ಮೇಲೆ ತಂತಿ ಉಜ್ಜಿದ ಹೊಳೆಯುವ ಗೆರೆ ಹುಡುಕಿ, ಅಲ್ಲಿ ಒಂದು ಸಣ್ಣ ಕಾಲುವೆ ಕೊರೆಯಿರಿ.

ಸಿಲಿಂಡರ್ ಪಕ್ಕಕ್ಕೆ ತೆರೆಯುವ ರಿವಾಲ್ವರ್ ಆದರೆ ಎಡ ಪ್ಯಾನೆಲ್ ಮೇಲ್ಭಾಗ ಸಿಲಿಂಡರ್‌ಗೆ, ಹೊರಬರುವ ಖಾಲಿ ಕೋಶಗಳಿಗೆ (ಹಾರಿಸಿದ ಗುಂಡಿನ ಲೋಹದ ಕವಚ) ಅಡ್ಡ ಬರಬಾರದು. ಖಾಲಿ ಕೋಶ ಹಾಕಿ ಎಜೆಕ್ಟರ್ ಒತ್ತಿ ನೋಡಿ. ಗ್ರಿಪ್ ಬದಿಯ ಒಂದೇ ಒಂದು ಕೋಶ ಸಿಕ್ಕಿಕೊಂಡರೆ ಅಲ್ಲಿ ಸ್ವಲ್ಪ ಇಳಿಜಾರು ಮಾಡಬೇಕಾಗುತ್ತದೆ.

ಮುಂದಕ್ಕೆ ಗಮನ ಇಡಬೇಕಾದ್ದು ಸ್ವಲ್ಪವೇ. ನಳಿಗೆ ಸ್ವಚ್ಛ ಮಾಡುವ ದ್ರಾವಣ, ಅಸಿಟೋನ್, ಇವು ರೆಸಿನ್ ಮೇಲೆ ಬೀಳಬಾರದು, ಆದ್ದರಿಂದ ಸ್ವಚ್ಛ ಮಾಡುವ ಮುಂಚೆ ಗ್ರಿಪ್ ಬಿಚ್ಚಿಡಿ. ಕೈಗೆ ಸೊಳ್ಳೆ ಓಡಿಸುವ ಕ್ರೀಮ್ ಹಚ್ಚಿಕೊಂಡು ಹಿಡಿಯಬೇಡಿ, ಅದರಲ್ಲಿ ಡೀಟ್ ಇದ್ದರೆ ಹಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಮೊದಲ ಸಲ ಗುಂಡು ಹಾರಿಸಿ ಬಂದ ಮೇಲೆ ರಿವಾಲ್ವರ್ ಖಾಲಿ ಮಾಡಿ ಸ್ಕ್ರೂ ಮುಟ್ಟಿ ನೋಡಿ. ಸಾಮಾನ್ಯವಾಗಿ ಒಂದು ಚೂರು ಸಡಿಲ ಆಗಿರುತ್ತದೆ. ಅದೇ ಎರಡು ಬೆರಳಲ್ಲಿ ಹಿಡಿದು ತಡೆ ಸಿಗುವವರೆಗೆ ತಿರುಗಿಸಿ. ಎರಡನೇ ಸಲವೂ ಸಡಿಲ ಆದರೆ ಇನ್ನೂ ಬಿಗಿ ಮಾಡಲು ಹೋಗಬೇಡಿ. ಬಿಚ್ಚಿ, ಒಳಮೈ ಮೇಲೆ ಮತ್ತೆ ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ನಾಲ್ಕು ಸಲ ಉಜ್ಜಿ ನೋಡಿ.